ಮೃಗಕ್ಕೆ ಬಹುವಚನ

ಜೂನ್ ೩

ಪ್ರೀತಿಯ ಬುಗುರಿಗೆ,

ನಿನ್ನ ಅಣ್ಣ ಕೊನೆಗೂ ಟಿ.ವಿ.ಯಲ್ಲಿ ಬಂದ. ಮುಖ ಮಾತ್ರ ಬರಲಿಲ್ಲ. ಚಿತ್ರದಲ್ಲಿ ಐವತ್ತು ನಿಮಿಷ ನಾನಿದ್ದೇನೆ, ಅಷ್ಟೂ ಹೊತ್ತು ಲಾರಿ ಟ್ಯೂಬು, ಸ್ಪಂಜು ಮತ್ತು ನೆಲ ಒರೆಸುವ ಬಟ್ಟೆಯ ಒಳಗೆ. ಚಿತ್ರದ ಹೆಸರು ‘ಹೂಳು’. ಊರಿಗೆ ನೀರು ಬಿಡುವ ಸ್ಥಾವರದ ತೊಟ್ಟಿಯ ತಳದಿಂದ ಒಂದು ಮೃಗ ಎದ್ದು ಬಂದು ಅಲ್ಲಿ ಕೆಲಸ ಮಾಡುವವರನ್ನು ಒಬ್ಬೊಬ್ಬರಾಗಿ ಮುಗಿಸುತ್ತದೆ. ಯಾಕೆ ಅಂತ ಕೇಳಬೇಡ, ಬರೆದವನಿಗೂ ಗೊತ್ತಿಲ್ಲ. ಹೆದರಿಸುವ ಚಿತ್ರವನ್ನು ಭಾನುವಾರ ಮಟಮಟ ಮಧ್ಯಾಹ್ನ ಹಾಕಿದ್ದಾರೆ.

ಕೊನೆಯಲ್ಲಿ ವಿಳಾಸ ತೋರಿಸಿ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಅಂದಿದ್ದರು. ಒಂದು ಚೀಲ ತುಂಬ ಬಂದಿವೆ. ಓದುವವರು ಯಾರೂ ಇಲ್ಲದ್ದರಿಂದ ನಿರ್ಮಾಪಕರು ಚೀಲವನ್ನು ನನ್ನ ತಲೆಗೆ ಕಟ್ಟಿದರು. ಒಬ್ಬ ದಂತವೈದ್ಯರು ಬರೆದಿದ್ದಾರೆ: ‘ಮೃಗದ ಹಲ್ಲು ಗಟ್ಟಿಯಾಗಿವೆ, ದವಡೆಯನ್ನು ಮಾತ್ರ ತಲೆಕೆಳಗಾಗಿ ಕೂರಿಸಿದ್ದೀರಿ.’ ಇನ್ನೊಬ್ಬರಿಗೆ ಬೆನ್ನಿನ ಜಿಪ್ಪು ಕಂಡಿದೆ. ಸಕ್ಕರೆ ಪಾಕದ ರಕ್ತಕ್ಕೆ ಇರುವೆ ಮುತ್ತಿದ್ದು ಮೂವರಿಗೆ ಕಂಡಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಬೈದವರೂ ಕೊನೆಗೆ ಒಂದು ಮಾತು ಸೇರಿಸಿದ್ದಾರೆ. ಪಂಪ್‌ಹೌಸಿನಲ್ಲಿ ಮೃಗ ಒಬ್ಬ ಹುಡುಗಿಯ ಕತ್ತು ಹಿಸುಕುವ ದೃಶ್ಯ ಮನಸ್ಸಿಗೆ ತಟ್ಟಿತಂತೆ. ಅದೊಂದೇ ನಿಜ ಅನ್ನಿಸಿತಂತೆ. ಅಭಿಪ್ರಾಯ ಹೀಗೇ ಬಂದರೆ ಎರಡನೆಯ ಭಾಗ ತೆಗೆಯುತ್ತಾರೆ.

ಇವರೆಲ್ಲರಿಗಿಂತ ನನಗೆ ನಿನ್ನ ಅಭಿಪ್ರಾಯ ಮುಖ್ಯ. ಅಪ್ಪನ ಮರದ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿಯ ಮೇಲೆ ನಾನು ನಿನ್ನ ಕತ್ತು ಹಿಡಿಯುತ್ತಿದ್ದೆ, ನೀನು ಬಿದ್ದವಳೇ ಗಿರ್ರನೆ ತಿರುಗಿ ಎದ್ದು ನಿಲ್ಲುತ್ತಿದ್ದೆ. ಅದಕ್ಕೇ ತಾನೇ ಬುಗುರಿ ಅಂತ ಹೆಸರು ಬಿದ್ದದ್ದು. ಆಗ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಕಾನೂನು: ಸಾಕು ಅನ್ನಿಸಿದರೆ ಎದುರಿನವರ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿದರೆ ಬಿಡಬೇಕು. ಇವತ್ತಿಗೂ ನಮ್ಮ ಹೊಡೆದಾಟದವರಿಗೆಲ್ಲ ನಾನು ಕಲಿಸುವುದು ಅದನ್ನೇ. ನೋಡಿದೆಯೋ ಇಲ್ಲವೋ ಬರಿ. ಭಾವನಿಗೂ ತೋರಿಸು, ಡ್ರೈವಿಂಗ್ ಕಲಿಸಿ ಕಲಿಸಿ ದಣಿದಿರುತ್ತಾರೆ, ನಗಲಿ.

ನಿನ್ನ ಅಣ್ಣ


ಜೂನ್ ೧೪

ಅಣ್ಣನಿಗೆ,

ಇನ್ನು ಮುಂದೆ ಅಂಗಡಿಯ ವಿಳಾಸಕ್ಕೇ ಬರಿ. ನಾನು ಸೀಟ್ ಕವರ್ ಹೊಲಿಯುವ ಅಂಗಡಿ ಮುಖ್ಯರಸ್ತೆಯಲ್ಲಿದೆ, ಅಂಚೆ ಬೇಗ ಸಿಗುತ್ತದೆ. ನಮ್ಮ ಯಜಮಾನತಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಅವರು ಪತ್ರ ತೆಗೆದಿಟ್ಟು ನನ್ನ ಕೈಗೇ ಕೊಡುತ್ತಾರೆ.

ಚಿತ್ರ ನೋಡಿದೆ. ಮೊದಲು ಹೊಲಿಗೆಯ ವಿಷಯ. ಬೆನ್ನಿಗೆ ಜಿಪ್ಪು ಹಾಕಿದವರು ಯಾರು? ಪಕ್ಕೆಯಲ್ಲಿ ಹಾಕಿ ಮೇಲೆ ಒಂದು ಪಟ್ಟಿ ಮಡಚಿದ್ದರೆ ಯಾರಪ್ಪನಿಗೂ ಕಾಣುತ್ತಿರಲಿಲ್ಲ. ಮೊಣಕಾಲಿನ ಹೊಲಿಗೆ ನೀನು ಓಡುವಾಗ ಬಿಚ್ಚಿತು, ಸ್ಪಂಜು ನಾಲಿಗೆ ಚಾಚಿತು. ಬಾಗಿದ ಸೂಜಿಯಿಂದ ಹೊಲಿಯಬೇಕಿತ್ತು.

ಇನ್ನು ಹೊಡೆದಾಟ. ಮೃಗ ಹಿಂದಿನಿಂದ ಬಂದು ಕೂದಲು ಹಿಡಿದಾಗ ಸ್ಥಾವರದ ಅಡುಗೆಯವಳು ಕಿರುಚುತ್ತಾಳೆ. ಅದು ಸುಳ್ಳು. ಕೂದಲಿಗೆ ಕೈ ಹಾಕಿದಾಗ ಯಾರೂ ಕಿರುಚುವುದಿಲ್ಲ, ಉಸಿರೇ ಇರುವುದಿಲ್ಲ. ಎರಡೂ ಕೈಯಿಂದ ಅವರ ಮಣಿಕಟ್ಟನ್ನು ಹಿಡಿದು ನೇತುಬೀಳಬೇಕು, ಆಗ ಭಾರ ತಲೆಯ ಚರ್ಮದ ಮೇಲೆ ಬೀಳುವುದಿಲ್ಲ. ಮತ್ತೆ, ನಿನ್ನ ಮೃಗ ಬರುವಾಗ ಗರ್ಜಿಸುತ್ತದೆ. ಗರ್ಜಿಸಿದರೆ ಭಯವಿಲ್ಲ. ಅವರು ಬರುವಾಗ ಸದ್ದೇ ಇರುವುದಿಲ್ಲ. ಮೊದಲು ಕಿಟಕಿ ಹಾಕುತ್ತಾರೆ, ಆಮೇಲೆ ರೇಡಿಯೊ ಜೋರು ಮಾಡುತ್ತಾರೆ, ಆಮೇಲೆ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುತ್ತಾರೆ. ಹೊಡೆಯುವುದು ಅದಾದ ಮೇಲೆ.

ಒಂದು ಪ್ರಶ್ನೆ. ಎಲ್ಲರೂ ಹೊಗಳುವ ಆ ಪಂಪ್‌ಹೌಸಿನ ದೃಶ್ಯದಲ್ಲಿ ಹುಡುಗಿ ನಿನ್ನ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದಳು. ನೀನು ಬಿಡಲಿಲ್ಲ. ಹೊಟ್ಟಿನ ರಾಶಿಯ ಮೇಲೆ ನೀನು ಒಂದು ಸಲವೂ ತಪ್ಪಿದವನಲ್ಲ. ಯಾಕೆ ಬಿಡಲಿಲ್ಲ?

ಇವರು ಚೆನ್ನಾಗಿದ್ದಾರೆ. ಚಿತ್ರ ನೋಡಲಿಲ್ಲ.

ನಿನ್ನ ತಂಗಿ


ಜೂನ್ ೨೫

ಅಯ್ಯೋ ಬುಗುರಿ,

ಮೃಗಕ್ಕೆ ಬಹುವಚನ ಕೊಟ್ಟ ಮೊದಲ ವೀಕ್ಷಕಿ ನೀನು! ‘ಅವರು ಬರುವಾಗ’, ‘ಕಿಟಕಿ ಹಾಕುತ್ತಾರೆ’, ‘ಗಡಿಯಾರ ಬಿಚ್ಚಿ ಇಡುತ್ತಾರೆ’! ತೊಟ್ಟಿಯಿಂದ ಎದ್ದು ಬಂದ ಹೂಳಿಗೆ ಇಷ್ಟು ಮರ್ಯಾದೆಯಾ? ಚಹಾ ಕೊಟ್ಟು ಕೂರಿಸುವುದೊಂದು ಬಾಕಿ. ನಮಗೆ ಮೇಕಪ್ ಮಾಡುವ ಬಣ್ಣದವನಿಗೆ ಓದಿ ಹೇಳಿದೆ. ಈಗ ನಾನು ಪೋಷಾಕು ಹಾಕಿಕೊಂಡು ಹೊರಗೆ ಬಂದರೆ ಎಲ್ಲರೂ ಎದ್ದು ನಿಂತು, ‘ಮೃಗದವರು ಬಂದ್ರು, ದಾರಿ ಬಿಡ್ರಪ್ಪಾ’ ಅನ್ನುತ್ತಾರೆ.

ತಮಾಷೆ ಹಾಗಿರಲಿ. ನಿನ್ನ ಸೂಚನೆಗಳನ್ನು ನಿರ್ದೇಶಕರು ಮೂರು ಸಲ ಓದಿಸಿಕೊಂಡರು. “ಇದನ್ನೆಲ್ಲ ನಿಮ್ ತಂಗಿ ಎಲ್ಲಿ ಕಲಿತ್ರು?” ಅಂದರು. “ಹುಟ್ಟಿದಾಗಿನಿಂದ ನನ್ನ ಜೊತೆ ಬಿದ್ದು ಎದ್ದು ಕಲಿತಿದ್ದು ಸಾರ್” ಅಂತ ಎದೆಯುಬ್ಬಿಸಿ ಹೇಳಿದೆ. ಕಿಟಕಿ, ರೇಡಿಯೊ, ಗಡಿಯಾರ, ಮೂರನ್ನೂ ಎರಡನೆಯ ಭಾಗಕ್ಕೆ ಬರೆದುಕೊಂಡಿದ್ದಾರೆ. ಇನ್ನಷ್ಟು ಬೇಕಂತೆ. ಮೆಟ್ಟಿಲ ಮೇಲಿಂದ ನೂಕಿದರೆ ಮೊದಲು ಯಾವುದು ತಾಗುತ್ತದೆ, ಬಿದ್ದವರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲ ಬರಿ.

ನಿವೃತ್ತ ಮೇಷ್ಟರೊಬ್ಬರು ಒಂದು ಪ್ರಶ್ನೆ ಹಾಕಿದ್ದಾರೆ: ‘ಪಂಪ್‌ಹೌಸಿನ ಬಾಗಿಲು ತೆರೆದೇ ಇತ್ತು. ಆ ಹುಡುಗಿ ಯಾಕೆ ಓಡಿಹೋಗಲಿಲ್ಲ? ಇಂಥ ಪೆದ್ದರನ್ನು ಮೃಗ ತಿಂದರೆ ತಪ್ಪೇನು?’ ಇದಕ್ಕೆ ಏನು ಉತ್ತರ ಬರೆಯಲಿ? ನಿನಗೆ ಹೊಳೆದರೆ ತಿಳಿಸು.

ತಟ್ಟಿದ ವಿಷಯ ನಿನ್ನ ಭ್ರಮೆ. ಹುಡುಗಿಯ ಕೈ ಜಾರಿದ್ದು ಹಾಗೆ ಕಂಡಿದೆ.

ನಿನ್ನ ಅಣ್ಣ, ಅಲ್ಲಲ್ಲ, ಅಣ್ಣನವರು


ಜುಲೈ ೯

ಅಣ್ಣನಿಗೆ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಬೆರಳು ಮಷೀನಿಗೆ ಸಿಕ್ಕಿತು. ಬಹುವಚನ ಅಭ್ಯಾಸಬಲ, ಬಿಟ್ಟುಬಿಡು.

ಮೇಷ್ಟರಿಗೆ ಹೀಗೆ ಬರಿ. ತೆರೆದ ಬಾಗಿಲು ನೋಡುವವರಿಗೆ ತೆರೆದಿರುತ್ತದೆ. ಒಳಗಿರುವವಳಿಗೆ ಅದು ಒಂಬತ್ತು ಹೆಜ್ಜೆ. ಮೂರನೆಯ ಹೆಜ್ಜೆಗೆ ಜಡೆ ಸಿಗುತ್ತದೆ. ಒಂದು ಸಲ ಓಡಲು ನೋಡಿದವಳಿಗೆ ಆಮೇಲೆ ಬೇಕೆಂದೇ ಬಾಗಿಲು ತೆಗೆದಿಡುತ್ತಾರೆ, ತಾವು ಕುರ್ಚಿಯಲ್ಲಿ ಕೂತು ನೋಡುತ್ತಾರೆ. “ಹೋಗು, ಬಾಗಿಲು ತೆಗೆದಿದ್ಯಲ್ಲ, ಹೋಗು” ಅನ್ನುತ್ತಾರೆ. ಅದು ಹೊಡೆತಕ್ಕಿಂತ ಕೆಟ್ಟದ್ದು. ಬಾಗಿಲಿನಾಚೆ ಬೀದಿ ಕಾಣುತ್ತದೆ, ಸೈಕಲ್ಲು ಹೋಗುತ್ತದೆ, ಎದುರುಮನೆಯಾಕೆ ಬಟ್ಟೆ ಹರವುತ್ತಾಳೆ. ಹುಡುಗಿ ಪೆದ್ದಿಯಲ್ಲ, ಲೆಕ್ಕ ಹಾಕುತ್ತಿದ್ದಾಳೆ.

ಮೆಟ್ಟಿಲಿನಿಂದ ನೂಕಿದರೆ ಮೊದಲು ತಾಗುವುದು ಮೊಣಕೈ. ಮೊಣಕೈ ಕೊಟ್ಟು ತಲೆ ಉಳಿಸಿಕೊಳ್ಳಬೇಕು. ಬಿದ್ದ ಮೇಲೆ ಬೇಗ ಏಳಬಾರದು, ಎದ್ದರೆ ಇನ್ನೊಂದು ಬೀಳುತ್ತದೆ. ಹಾಗಂತ ತೀರ ತಡವೂ ಮಾಡಬಾರದು, ನಾಟಕ ಅನ್ನಿಸುತ್ತದೆ. ಪಕ್ಕೆಗೆ ಒದ್ದಾಗ ಮಂಡಿ ಮಡಚಿ ಮುದುಡಬೇಕು. ಇಸ್ತ್ರಿಪೆಟ್ಟಿಗೆ ತಂದರೆ ಮಾತ್ರ ಕೈ ಅಡ್ಡ ಹಿಡಿಯಬಾರದು, ಕೈ ಕಾಣುವ ಜಾಗ. ಬೆನ್ನು ಕೊಡಬೇಕು, ಬೆನ್ನು ರವಿಕೆಯೊಳಗೆ ಮುಚ್ಚಿಹೋಗುತ್ತದೆ. ಎರಡನೆಯ ಭಾಗಕ್ಕೆ ಇಷ್ಟು ಸಾಕಾಗಬಹುದು.

ನಿನ್ನ ಭಾವನ ಹೆಸರು ಊರಲ್ಲೆಲ್ಲ ಚೆನ್ನಾಗಿದೆ. ಕಲಿಯಲು ಬರುವವರು, “ಎಷ್ಟು ತಾಳ್ಮೆ ಮೇಡಂ ನಿಮ್ಮವರಿಗೆ, ಒಂದು ದಿನ ಗದರಿಲ್ಲ” ಅನ್ನುತ್ತಾರೆ. ನಿಜ. ಆ ಕಾರಿನಲ್ಲಿ ಇವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ಗದರುವ ಅಗತ್ಯವಿಲ್ಲ. ನೀನೇ ಇವರ ಹತ್ತಿರ ಕಾರು ಕಲಿತು, ಮೆಚ್ಚಿ, ನನ್ನನ್ನು ಕೊಟ್ಟೆಯಲ್ಲ. ನಿನ್ನ ಮಾತನ್ನು ಸುಳ್ಳು ಮಾಡಬಾರದು ಅಂತ ನನಗೆ ಯಾವಾಗಲೂ ಇದೆ.

ತಟ್ಟಿದ್ದು ಭ್ರಮೆಯಲ್ಲ. ಬುಧವಾರ ಮರುಪ್ರಸಾರವಾದಾಗ ಅಂಗಡಿಯ ಟಿ.ವಿ.ಯಲ್ಲಿ ಹತ್ತಿರ ನಿಂತು ನೋಡಿದೆ. ಎರಡು ಸಲ, ಆಮೇಲೆ ಮತ್ತೆ ಎರಡು ಸಲ. ಅವಳ ಉಗುರು ನೀಲಿಯಾಗಿತ್ತು. ಬಣ್ಣದವನು ಅಷ್ಟು ಚೆನ್ನಾಗಿ ಮಾಡುವವನಾಗಿದ್ದರೆ ನಿನ್ನ ದವಡೆ ತಲೆಕೆಳಗಾಗುತ್ತಿರಲಿಲ್ಲ. ನನಗೆ ಸುಳ್ಳು ಹೇಳಬೇಡ.

ನಿನ್ನ ತಂಗಿ


ಜುಲೈ ೨೦

ಬುಗುರಿಗೆ,

ನಿನ್ನ ಕಣ್ಣಿಗೆ ಮಣ್ಣೆರಚಲು ನನ್ನಿಂದಾಗದು. ಯಾರಿಗೂ ಹೇಳದ್ದನ್ನು ಹೇಳುತ್ತಿದ್ದೇನೆ.

ಮೃಗದ ಕೈಯನ್ನು ಲಾರಿ ಟ್ಯೂಬಿನಿಂದ ಮಾಡಿದ್ದರು, ಮೂರು ಪದರ. ತೋಳಿನವರೆಗೂ. ಒಳಗೆ ಬೆವರು ನಿಂತು ನನ್ನ ಬೆರಳು ನನ್ನದೋ ಅಲ್ಲವೋ ಗೊತ್ತಾಗುತ್ತಿರಲಿಲ್ಲ. ಆ ಹುಡುಗಿಗೆ ನಾನೇ ಹೇಳಿಕೊಟ್ಟಿದ್ದೆ: “ಹೆದರ್ಬೇಡಮ್ಮ, ಎರಡು ಸಲ ತಟ್ಟು, ಬಿಡ್ತೀನಿ.” ನಂಬಿದಳು. ಪಂಪಿನ ಯಂತ್ರ ಓಡುತ್ತಿತ್ತು, ಮುಖವಾಡದೊಳಗೆ ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಒದ್ದಾಡಿದಳು. ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ ಅಂದುಕೊಂಡೆ. ನಿರ್ದೇಶಕರು ಕೈಬೀಸಿ, ಇನ್ನೂ, ಇನ್ನೂ ಅಂದರು. ಇನ್ನಷ್ಟು ಒತ್ತಿದೆ. ಹೆಬ್ಬೆರಳ ಕೆಳಗೆ ಏನೋ ಲಟಕ್ಕೆಂದಿತು. ರಬ್ಬರಿನ ಮಡಿಕೆ ಅಂದುಕೊಂಡೆ.

ಕಟ್ ಅಂದ ಮೇಲೆ ಕೈ ಬಿಟ್ಟರೆ ಹುಡುಗಿ ಕೆಳಗೆ ಕುಸಿದಳು. ಬಾಯಲ್ಲಿ ನಿಜವಾದ ರಕ್ತ. ನಾಲ್ಕು ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳ ಗಂಟಲಿನ ಮೂಳೆ ಮುರಿದಿದೆ, ಬುಗುರಿ. ಧ್ವನಿ ಹೋಗಿದೆ. ಅಪಘಾತ ಅಂತ ಬರೆದು ಮುಚ್ಚಿದರು. ಆ ತುಣುಕನ್ನು ಕತ್ತರಿಸಿ ಎಸೆಯುತ್ತಾರೆ ಅಂದುಕೊಂಡಿದ್ದೆ. ಇಟ್ಟುಕೊಂಡರು. ಚಿತ್ರದಲ್ಲಿ ಚೆನ್ನಾಗಿರುವುದು ಅದೊಂದೇ ಅಂದರು. ಈಗ ಚೀಲಗಟ್ಟಲೆ ಜನ ನನ್ನ ಬೆನ್ನು ತಟ್ಟುತ್ತಿದ್ದಾರೆ.

ಗಂಟಲಿನ ಆಪರೇಷನ್ನಿಗೆ ಮತ್ತೆ ಸೇರಿದ್ದಾಳೆ ಅಂತ ಮೊನ್ನೆ ಆಸ್ಪತ್ರೆಗೆ ಹೋಗಿ ಅವಳ ಕಾಲಬುಡದಲ್ಲಿ ನಿಂತೆ. ಅವಳು ಹಲಗೆ ತೆಗೆದುಕೊಂಡು ಬರೆದು ತೋರಿಸಿದಳು: ‘ನಾನು ತಟ್ಟಿದೆ.’ ಅಷ್ಟೇ ಬರೆದದ್ದು. ಬೈದಿದ್ದರೆ ಬದುಕುತ್ತಿದ್ದೆ.

ನಿನ್ನ ಬೆರಳು ವಾಸಿಯಾಯಿತಾ? ಮಷೀನಿನ ಹತ್ತಿರ ಹುಷಾರು. ಭಾವನಿಗೆ ಹೇಳಿ ಒಳ್ಳೆಯ ಡಾಕ್ಟರ ಹತ್ತಿರ ತೋರಿಸಿಕೋ.

ನಿನ್ನ ಅಣ್ಣ


ಆಗಸ್ಟ್ ೮

ಬುಗುರಿಗೆ,

ನನ್ನ ಮುಖ ನೋಡಬಾರದು ಅನ್ನಿಸಿತಾ? ಹತ್ತೊಂಬತ್ತು ದಿನವಾಯಿತು, ಒಂದು ಗೆರೆ ಇಲ್ಲ. ಅಂಗಡಿಯಲ್ಲಿ ಪತ್ರ ಎಲ್ಲೋ ಬಿದ್ದಿರಬೇಕೆಂದು ಈ ಸಲ ಮನೆಗೇ ಬರೆಯುತ್ತಿದ್ದೇನೆ. ಭಾವನೂ ಓದಲಿ, ಹೆಂಡತಿ ಎಂಥ ಜಾಣೆ ಅಂತ ಗೊತ್ತಾಗಲಿ. ಭಾವ, ನಿಮ್ಮ ಮನೆಯಾಕೆ ಬರೆದ ತೆರೆದ ಬಾಗಿಲು, ಒಂಬತ್ತು ಹೆಜ್ಜೆ, ರೇಡಿಯೊ, ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲವೂ ಎರಡನೆಯ ಭಾಗದಲ್ಲಿ ಬರುತ್ತವೆ. ನಿರ್ದೇಶಕರು ಬೆರಗಾಗಿದ್ದಾರೆ. ಕೊನೆಯಲ್ಲಿ ಅವಳ ಹೆಸರು ಹಾಕಿಸುತ್ತೇನೆ.

ಅಣ್ಣ


ಆಗಸ್ಟ್ ೨೨

ಅಣ್ಣ,

ಮನೆಗೆ ಬಂದ ನಿನ್ನ ಪತ್ರವನ್ನು ಅವರು ಗಟ್ಟಿಯಾಗಿ ಓದಿದರು. ಕಿಟಕಿ ಹಾಕಿ, ರೇಡಿಯೊ ಹಾಕಿ, ಗಡಿಯಾರ ಬಿಚ್ಚಿಟ್ಟು, ಒಂದೊಂದು ಮಾತಿಗೂ ನಿಲ್ಲಿಸಿ ಓದಿದರು. ‘ಜಾಣೆ’ ಅನ್ನುವಲ್ಲಿ ಕೈ. ‘ಬೆರಗಾಗಿದ್ದಾರೆ’ ಅನ್ನುವಲ್ಲಿ ಕಾಲು. ಇಸ್ತ್ರಿಪೆಟ್ಟಿಗೆ ಅನ್ನುವಲ್ಲಿ ಏನೆಂದು ನೀನೇ ಊಹಿಸಿಕೋ. ಹನ್ನೊಂದು ದಿನ ಅಂಗಡಿಗೆ ಹೋಗಲಿಲ್ಲ. ಇವತ್ತು ದೊಡ್ಡಮ್ಮ ಬಂದು ಜಗಳವಾಡಿ ಕರೆದುಕೊಂಡು ಬಂದರು, ಆರ್ಡರ್ ನಿಂತುಹೋಗಿದೆ ಅಂತ.

ಚಿತ್ರದ ಬಗ್ಗೆ ನನ್ನದು ಇನ್ನು ಒಂದೇ ಅಭಿಪ್ರಾಯ.

ತಟ್ಟಿದೆ. ತಟ್ಟಿದೆ.


ಆಗಸ್ಟ್ ೨೬

ತಟ್ಟಿತು, ಬುಗುರಿ.

ನಿನ್ನ ಹಳೆಯ ಪತ್ರಗಳನ್ನು ಮತ್ತೆ ತೆಗೆದೆ. ಕೆಂಪು ಪೆನ್ನಿನಿಂದ ಪ್ರತಿ ‘ಅವರು’ ಮತ್ತು ಪ್ರತಿ ‘ತ್ತಾರೆ’ಯ ಕೆಳಗೆ ಗೆರೆ ಎಳೆದೆ. ಹಾಳೆ ಕೆಂಪಾಯಿತು. ನಾನು ಇದನ್ನು ಓದಿ ನಕ್ಕಿದ್ದೆ. ಜನರಿಗೆ ಓದಿ ಹೇಳಿ ನಗಿಸಿದ್ದೆ. ನನ್ನ ತಲೆಯ ಮೇಲೂ ಮೂರು ಪದರ ರಬ್ಬರ್ ಇತ್ತು.

ಈ ಪತ್ರವನ್ನು ನಮ್ಮ ಬಣ್ಣದವನು ಖುದ್ದು ದೊಡ್ಡಮ್ಮನ ಕೈಗೆ ಕೊಡುತ್ತಾನೆ. ಜೊತೆಗೆ ನನ್ನ ಕೋಣೆಯ ಬೀಗದ ಕೈ ಮತ್ತು ಬಸ್ಸಿನ ಟಿಕೆಟ್ ಇದೆ. ಗುರುವಾರ ಬೆಳಿಗ್ಗೆ ಅಂಗಡಿಗೆ ಬಂದವಳು ಅಲ್ಲಿಂದಲೇ ಹೊರಡು. ಮನೆಗೆ ಏನನ್ನೂ ತರಲು ಹೋಗಬೇಡ, ಬಾಚಣಿಗೆಗೂ ಹೋಗಬೇಡ. ಬಣ್ಣದವನು ಜೊತೆಗಿರುತ್ತಾನೆ. ಅದೇ ದಿನ ಮಧ್ಯಾಹ್ನ ನಾನು ನಿನ್ನ ಮನೆಗೆ ಹೋಗುತ್ತೇನೆ.

ನಾನು ಕೊಟ್ಟ ಮಾತು ಸುಳ್ಳಾಗಲಿ, ನೀನು ಉಳಿ.

ಅಣ್ಣ


ಸೆಪ್ಟೆಂಬರ್ ೩

ಅಣ್ಣನಿಗೆ,

ನಿನ್ನ ಕೋಣೆಯಲ್ಲಿದ್ದೇನೆ. ಬಾಗಿಲು ತೆಗೆದರೆ ಎದುರಿಗೇ ಮೊಳೆಗೆ ನೇತುಹಾಕಿದ ನಿನ್ನ ಮೃಗ. ನಾನು ಬೆಚ್ಚಿಬೀಳುತ್ತೇನೆಂದು ಬಣ್ಣದವನು ನನ್ನ ಮುಂದೆ ಬಂದು ನಿಂತ. ಬೀಳಲಿಲ್ಲ. ಹತ್ತಿರ ಹೋಗಿ ಮೊಣಕಾಲಿನ ಹೊಲಿಗೆ ನೋಡಿದೆ. ಎಂಥ ಕೆಟ್ಟ ಕೆಲಸ! ದಾರ ಸಿಕ್ಕಿದರೆ ಇವತ್ತೇ ಬಿಚ್ಚಿ ಹೊಲಿಯುತ್ತೇನೆ.

ಡಾಕ್ಟರ ಹತ್ತಿರ ಹೋಗಿದ್ದೆ. ಎರಡು ಪಕ್ಕೆಲುಬು, ಒಂದು ಬೆರಳು. ಬೆನ್ನನ್ನು ನೋಡಲು ಆಕೆ ದೀಪವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಎಲ್ಲವನ್ನೂ ಬರೆದು ಪೊಲೀಸರಿಗೆ ಒಂದು ಪ್ರತಿ ಕಳಿಸಿದರು. ಅಲ್ಲಿ ಮೇಜಿನ ಮೇಲೆ ಯಾರೋ ಗಡಿಯಾರ ಇಟ್ಟರು, ನಾನು ಮೂಲೆಗೆ ಹೋಗಿ ಕೂತುಬಿಟ್ಟೆ. ನರ್ಸಮ್ಮ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ನೆಲದ ಮೇಲೆ ನನ್ನ ಪಕ್ಕ ಕೂತರು.

ನೀನು ಹೇಗಿದ್ದೀಯ? ನೀನು ಆಸ್ಪತ್ರೆಯಲ್ಲಿದ್ದೀಯ, ಬಾಗಿಲಲ್ಲಿ ಪೊಲೀಸಿನವರಿದ್ದಾರೆ ಅಂತ ದೊಡ್ಡಮ್ಮ ಫೋನು ಮಾಡಿದ್ದರಂತೆ. ಯಾರೂ ನನಗೆ ಪೂರ್ತಿ ಹೇಳುತ್ತಿಲ್ಲ. ಅವನು ಸತ್ತನಾ?

ನೋಡು, ‘ಅವನು’ ಅಂತ ಬರೆದೆ. ಗೀಚಿ ಅಳಿಸಲೂ ಇಲ್ಲ.

ನೀನು ಅವನ ಕತ್ತಿಗೆ ಕೈ ಹಾಕಿರುತ್ತೀಯ, ನನಗೆ ಗೊತ್ತು. ಒಂದನ್ನು ಮಾತ್ರ ಹೇಳು. ಅವನು ತಟ್ಟಿದನಾ? ನೀನು ಬಿಟ್ಟೆಯಾ? ಬಿಡಲಿಲ್ಲವಾದರೆ ನೀನು ಜೈಲಿಗೆ ಹೋಗುತ್ತೀಯ, ನನಗೆ ಅಂತ ಇರುವವನು ನೀನೊಬ್ಬ. ಬಿಟ್ಟಿದ್ದರೆ ಅವನು ಬರುತ್ತಾನೆ. ಯಾವುದನ್ನು ಬಯಸಬೇಕೋ ನನಗೆ ತಿಳಿಯುತ್ತಿಲ್ಲ.

ಬುಗುರಿ


ಸೆಪ್ಟೆಂಬರ್ ೯

ಬುಗುರಿಗೆ,

ಅವನು ಸತ್ತಿಲ್ಲ. ಬರುವುದೂ ಇಲ್ಲ. ಲಾಕಪ್ಪಿನಲ್ಲಿದ್ದಾನೆ. ಹೇಳುತ್ತೇನೆ ಕೇಳು.

ಕಾರು ಗೇಟಿನ ಹತ್ತಿರವೇ ಇತ್ತು. ಅವನೇ ಮನೆಯ ಬಾಗಿಲು ತೆಗೆದು ನಗುನಗುತ್ತಾ, “ಬನ್ನಿ ಭಾವ, ಕೂತ್ಕೊಳ್ಳಿ. ನಿಮ್ಮ ತಂಗಿ ಅಂಗಡಿಗೆ ಹೋದವಳು ಊಟಕ್ಕೂ ಬಂದಿಲ್ಲ ನೋಡಿ” ಅಂದ. ನಾನು ಕೂರಲಿಲ್ಲ. ಅಡುಗೆಮನೆಯಿಂದ ಬಾಗಿಲಿನವರೆಗೆ ನಡೆದೆ. ಒಂಬತ್ತು ಹೆಜ್ಜೆ. ಮೂರನೆಯ ಹೆಜ್ಜೆಯ ಹತ್ತಿರ ಗೋಡೆಯಲ್ಲಿ ನಿನ್ನ ಎತ್ತರಕ್ಕೆ ಸರಿಯಾಗಿ ಗಾರೆ ಕುಳಿ ಬಿದ್ದಿತ್ತು. “ಏನ್ ಭಾವ, ಅಳತೆ ತಗೋತಿದ್ದೀರಾ?” ಅಂದ. ಆಮೇಲೆ ನನಗೆ ನೆನಪಿರುವುದು ನನ್ನ ಎರಡು ಕೈ ಮತ್ತು ಅವನ ಕತ್ತು.

ಆ ಕುಳಿಗೇ ಅವನ ತಲೆಯನ್ನು ಅಪ್ಪಳಿಸಿದೆ. ಎರಡು ಸಲವೋ ಮೂರು ಸಲವೋ. ಮೂಗಿನಿಂದ ರಕ್ತ ಸುರಿದು ನನ್ನ ಕೈ ಜಾರಿತು, ಮತ್ತೆ ಹಿಡಿದೆ. ಹದಿನೆಂಟು ವರ್ಷ ಸುಳ್ಳು ಹೊಡೆತ ಹೊಡೆದವನು ನಾನು. ನಿಜವಾದದ್ದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಕಣ್ಣು ಮೇಲೆ ಹೋಯಿತು. ಕೊಲ್ಲಬೇಕು ಅಂತಲೇ ಒತ್ತಿದೆ, ಸುಳ್ಳು ಹೇಳುವುದಿಲ್ಲ.

ತಟ್ಟಿದ, ಬುಗುರಿ. ಅವನಿಗೆ ಯಾರೂ ಕಲಿಸಿರಲಿಲ್ಲ. ಕತ್ತು ಹಿಡಿದರೆ ತಾನಾಗಿ ಬರುತ್ತದೋ ಏನೋ. ನನ್ನ ಮಣಿಕಟ್ಟಿನ ಮೇಲೆ ಎರಡು ಸಲ. ಕೈಯಲ್ಲಿ ರಬ್ಬರ್ ಇರಲಿಲ್ಲ. ಎರಡೂ ತಿಳಿಯಿತು.

ಬಿಟ್ಟೆ.

ಅವನ ಮೇಲಿನ ಕರುಣೆಗಲ್ಲ. ತಟ್ಟಿದ ಮೇಲೂ ಬಿಡದವರಲ್ಲಿ ನಾನು ಎರಡನೆಯ ಸಲ ಸೇರಬಾರದಿತ್ತು. ಕೈ ಒರೆಸಿಕೊಳ್ಳುತ್ತಾ ಬಾಗಿಲ ಕಡೆಗೆ ತಿರುಗಿದೆ. ಅವನು ಕೆಮ್ಮುತ್ತಲೇ ಟೈರು ಬಿಚ್ಚುವ ಪಾನಾ ಎತ್ತಿಕೊಂಡು ಹಿಂದಿನಿಂದ ಮಂಡಿಗೆ ಬೀಸಿದ. ಬಿದ್ದ ಮೇಲೂ ಹೊಡೆದ. ನೀನು ಹೇಳಿದ ಹಾಗೆ ಸದ್ದೇ ಇರಲಿಲ್ಲ. ಬಾಗಿಲು ಮಾತ್ರ ತೆರೆದಿತ್ತು. ಕಾರು ಕಲಿಯಲು ಬಂದ ಇಬ್ಬರು ಹೆಂಗಸರು ಗೇಟಿನಲ್ಲಿ ನಿಂತು ಎಲ್ಲ ನೋಡಿದರು. ಒಬ್ಬಾಕೆ ಹಾರನ್ ಒತ್ತಿ ಹಿಡಿದವಳು ಬೀದಿಯೆಲ್ಲ ಬರುವವರೆಗೆ ಬಿಡಲಿಲ್ಲವಂತೆ. ನಿನ್ನ ಡಾಕ್ಟರ ಕಾಗದ ಇಲ್ಲಿನ ಠಾಣೆಗೆ ತಲುಪಿದೆ. ದೊಡ್ಡಮ್ಮ ಸಾಕ್ಷಿ ಹೇಳಿದ್ದಾರೆ. ನನ್ನ ಮೇಲೂ ಕೇಸಿದೆ, ಇರಲಿ, ನಾನು ಮಾಡಿದ್ದನ್ನು ಒಪ್ಪಿಕೊಂಡಿದ್ದೇನೆ.

ಮಂಡಿ ಮುಗಿದ ಕಥೆ. ಕೋಲು ಹಿಡಿದು ನಡೆಯಬಹುದಂತೆ, ಓಡುವ ಹಾಗಿಲ್ಲ. ಮೃಗಕ್ಕೆ ಬೇರೆಯವರನ್ನು ಹುಡುಕಿಕೊಳ್ಳಲು ನಿರ್ದೇಶಕರಿಗೆ ಹೇಳು.

ಅಣ್ಣ


ಫೆಬ್ರವರಿ ೧೭

ಅಣ್ಣನಿಗೆ,

ಅಂಗಡಿಯ ಅಟ್ಟದ ಮೇಲೆ ಇದ್ದುಕೊಂಡು ಸೀಟ್ ಕವರ್ ಹೊಲಿಯಲು ಕಲಿಯುತ್ತಿದ್ದೀಯಂತೆ. “ಮೂರು ಸೂಜಿ ಮುರಿದ, ನಾಲ್ಕನೇದು ಅವನ ಕೈಗೆ ಕೊಡಲ್ಲ” ಅಂತ ದೊಡ್ಡಮ್ಮ ದೂರಿದರು. ಕೇಸು ಮುಗಿಯುವವರೆಗೆ ಅವರ ಮಾತು ಕೇಳು. ಮುಂದಿನ ವಾರ ನನ್ನ ಸಾಕ್ಷಿಗೆ ಬರುತ್ತೇನೆ. ಅವನ ಮುಖ ನೋಡಿ ಏಕವಚನದಲ್ಲೇ ಹೇಳುತ್ತೇನೆ, ಅಭ್ಯಾಸ ಮಾಡುತ್ತಿದ್ದೇನೆ.

ಎರಡನೆಯ ಭಾಗ ಭಾನುವಾರ ಬಂತು. ಮೃಗದೊಳಗೆ ಯಾರಿದ್ದರು ಅಂತ ಈವರೆಗೆ ನಿನಗೆ ಬರೆಯಲಿಲ್ಲ. ಬೈಯುತ್ತೀಯ ಅಂತ ಹೆದರಿಕೆ. ನಾನೇ. ನಿನ್ನ ಪೋಷಾಕನ್ನು ಬಿಚ್ಚಿ ಸರಿಮಾಡಿ, ಅಳತೆಗೆ ಹಾಕಿಕೊಂಡು ನೋಡಿದೆ. ನಿರ್ದೇಶಕರು ನೋಡುತ್ತಾ ನಿಂತಿದ್ದರು. “ಬೀಳೋಕೆ ಬರುತ್ತಾ ಅಮ್ಮಾ?” ಅಂದರು. ಬಿದ್ದು ತೋರಿಸಿದೆ. ಗಿರ್ರನೆ ಎದ್ದು ನಿಂತೂ ತೋರಿಸಿದೆ. ಪಕ್ಕೆ ನೋಯಲಿಲ್ಲ.

ಆದರೆ ಒಂದು ಷರತ್ತು ಹಾಕಿದೆ. ಆ ಹುಡುಗಿಯನ್ನು ಕರೆಸಬೇಕು ಅಂದೆ. ಬಂದಳು. ಪಿಸುಮಾತಿನಷ್ಟು ಧ್ವನಿ ಬಂದಿದೆ ಈಗ. ನಾನು ರಬ್ಬರ್ ಕೈ ಹಾಕಿಕೊಂಡು ಅವಳ ಮುಂದೆ ಚಾಚಿದೆ. ತುಂಬಾ ಹೊತ್ತು ಮುಟ್ಟಲಿಲ್ಲ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು ತಾನು ತಟ್ಟಿದ ಜಾಗಕ್ಕೆ ಗೆರೆ ಹಾಕಿದಳು. ನಾನು ಅಲ್ಲಿಯೇ ಕತ್ತರಿ ಹಾಕಿ ಮೂರೂ ಪದರವನ್ನು ಅಂಗೈಯಗಲ ಕತ್ತರಿಸಿ ತೆಗೆದೆ. ಅಂಚು ಮಡಚಿ ಹೊಲಿದೆ. ಅವಳು ಆ ಕಿಂಡಿಯಲ್ಲಿ ಬೆರಳಿಟ್ಟು ನನ್ನ ಬರಿ ಚರ್ಮದ ಮೇಲೆ ಎರಡು ಸಲ ತಟ್ಟಿ ನೋಡಿದಳು. ನಾವಿಬ್ಬರೂ ಅತ್ತೆವು, ಸುಮ್ಮನೆ ಬಚ್ಚಿಡುವುದೇಕೆ. ಪಂಪ್‌ಹೌಸಿನ ಹಳೆಯ ತುಣುಕನ್ನು ಮತ್ತೆ ಹಾಕಿದರೆ ನಾನು ಬರುವುದಿಲ್ಲ ಅಂದೆ. ಹಾಕಲಿಲ್ಲ. ಶೂಟಿಂಗಿನಲ್ಲಿ ಆರು ಜನ ತಟ್ಟಿದರು, ಆರು ಜನರನ್ನೂ ಬಿಟ್ಟೆ.

ಅಭಿಪ್ರಾಯಗಳ ಚೀಲ ನಿನ್ನೆ ಬಂತು. ಮೊದಲ ಕಾಗದ ನಿನ್ನ ಮೇಷ್ಟರದ್ದೇ: ‘ಮೊದಲ ಭಾಗದಷ್ಟು ಭಯ ಹುಟ್ಟಲಿಲ್ಲ. ಮೃಗದ ಮಣಿಕಟ್ಟಿನ ಹತ್ತಿರ ತೂತು ಬಿದ್ದು ಒಳಗೆ ಮನುಷ್ಯರ ಚರ್ಮ ಎದ್ದು ಕಾಣುತ್ತದೆ. ಇಷ್ಟೂ ಗಮನಿಸದವರು ಚಿತ್ರ ಯಾಕೆ ಮಾಡುತ್ತೀರಿ?’ ನಿರ್ಮಾಪಕರು ಹರಿದು ಬಿಸಾಡಲು ಹೋದರು. ನಾನು ಕಿತ್ತುಕೊಂಡು ಉತ್ತರ ಬರೆದೆ. ಅಂಚೆಗೆ ಹಾಕುವ ಮೊದಲು ನಿನಗೊಂದು ನಕಲು:

‘ಮಾನ್ಯರೆ, ನೀವು ಕಂಡದ್ದು ನಿಜ. ಅದು ನನ್ನ ಕೈ.’

ಬುಗುರಿ